ನಿಮಗಿದು ಗೊತ್ತೇ? ನಮ್ಮ ನಾಲ್ಕು ಕ್ಷೇತ್ರಗಳ ತೂಕ 524!

● ಶ್ರೀರಂಗಪಟ್ಟಣ, ಮೇಲುಕೋಟೆ, ಕೆ.ಆರ್. ಪೇಟೆ, ನಾಗಮಂಗಲ: ಈ ನಾಲ್ಕೂ ಕಡೆಯ ಶಾಸಕರು ರಾಷ್ಟ್ರಪತಿ ಚುನಾವಣೆಯಲ್ಲಿ ಹಾಕುವ ಮತಗಳ ಒಟ್ಟು ಮೌಲ್ಯ 524. ಕರ್ನಾಟಕದ ಪ್ರತಿ ಶಾಸಕರ ಮತಕ್ಕೂ 131ರ ಬೆಲೆ. ಉತ್ತರ ಪ್ರದೇಶದಲ್ಲಿ ಅದು 208, ಸಿಕ್ಕಿಂನಲ್ಲಿ ಬರೀ 7.

● ಈ 131 ಬಂದದ್ದು 1971ರ ಜನಗಣತಿಯಿಂದ. ಆಗಿನ 2.93 ಕೋಟಿ ಜನಸಂಖ್ಯೆಯನ್ನು 224 ಶಾಸಕರಿಗೆ ಹಂಚಿ, ಬಂದದ್ದನ್ನು 1000ದಿಂದ ಭಾಗಿಸಿದರೆ ಸಿಗುವ ಸಂಖ್ಯೆ ಇದು. ಅಂದು ತೊಟ್ಟಿಲಲ್ಲಿದ್ದ ಮಕ್ಕಳು ಇಂದು ಅಜ್ಜ, ಅಜ್ಜಿಯರಾಗಿದ್ದಾರೆ. ಲೆಕ್ಕ ಮಾತ್ರ ಅಲ್ಲೇ ನಿಂತಿದೆ.

● ರಾಷ್ಟ್ರಪತಿ ಚುನಾವಣೆಯ ಮತಪತ್ರದಲ್ಲಿ ಹೆಸರುಗಳ ಮುಂದೆ ಆಯ್ಕೆಯ ಕ್ರಮದಲ್ಲಿ 1, 2, 3 ಎಂದು ಬರೆಯಬೇಕು. 1 ಬರೆಯದಿದ್ದರೆ ಮತ ಅಸಿಂಧು. ಪಕ್ಷಗಳು ವಿಪ್ ಹೊರಡಿಸುವಂತಿಲ್ಲ.

● ಆ 2ಕ್ಕೆ ಎಷ್ಟು ಬೆಲೆ ಎಂಬುದು ದೇಶಕ್ಕೆ ತಿಳಿದದ್ದು 1969ರಲ್ಲಿ. ಕಾಂಗ್ರೆಸ್ ಅಧ್ಯಕ್ಷರಾಗಿದ್ದವರು ನಮ್ಮ ಎಸ್. ನಿಜಲಿಂಗಪ್ಪ. ಬೆಂಗಳೂರಿನ ಸಭೆಯಲ್ಲೇ ನೀಲಂ ಸಂಜೀವ ರೆಡ್ಡಿ ಪಕ್ಷದ ಅಭ್ಯರ್ಥಿಯಾದರು. ಪ್ರಧಾನಿ ಇಂದಿರಾ ಗಾಂಧಿಯವರು ಆತ್ಮಸಾಕ್ಷಿಯಂತೆ ಮತ ಹಾಕಿ ಎಂದರು. ಕಾಂಗ್ರೆಸ್ಸಿನ ಮತ ಒಡೆಯಿತು. ಮೊದಲ ಎಣಿಕೆಯಲ್ಲಿ ಪಕ್ಷೇತರರಾಗಿ ನಿಂತಿದ್ದ ವಿ.ವಿ. ಗಿರಿ 4,01,515, ರೆಡ್ಡಿ 3,13,548, ವಿರೋಧ ಪಕ್ಷಗಳ ಅಭ್ಯರ್ಥಿ ಸಿ.ಡಿ. ದೇಶಮುಖ್ 1,12,769. ಗೆಲ್ಲಲು ಬೇಕಿದ್ದದ್ದು 4,18,169, ಯಾರೂ ಮುಟ್ಟಲಿಲ್ಲ. ದೇಶಮುಖ್ ಮತ್ತಿತರರು ಹೊರಬಿದ್ದ ಮೇಲೆ ಅವರ ಮತಪತ್ರಗಳಲ್ಲಿದ್ದ ಎರಡನೇ ಆಯ್ಕೆಗಳನ್ನು ಎಣಿಸಿದರು. ಹೆಚ್ಚಿನವು ಹೋದದ್ದು ರೆಡ್ಡಿಯವರಿಗೇ! ಆದರೂ ಅವರು ನಿಂತದ್ದು 4,05,427ಕ್ಕೆ. ಗಿರಿ 4,20,077ಕ್ಕೆ ಏರಿ ರಾಷ್ಟ್ರಪತಿಯಾದರು. ಆ ನವೆಂಬರಿನಲ್ಲಿ ನಿಜಲಿಂಗಪ್ಪನವರು ಇಂದಿರಾರನ್ನು ಪಕ್ಷದಿಂದ ಉಚ್ಚಾಟಿಸಿದರು, ಕಾಂಗ್ರೆಸ್ಸೇ ಎರಡಾಯಿತು.

● ವಿಧಾನಸಭೆಗೆ ಈ ಎರಡನೇ ಆಯ್ಕೆ ಇಲ್ಲ. 2019ರ ಡಿಸೆಂಬರಿನ ಕೆ.ಆರ್. ಪೇಟೆ ಉಪಚುನಾವಣೆ ನೋಡಿ: ಬಿಜೆಪಿಯ ನಾರಾಯಣಗೌಡರಿಗೆ 66,094, ಜೆಡಿಎಸ್‌ಗೆ 56,363, ಕಾಂಗ್ರೆಸ್‌ಗೆ 41,665. ಸೋತ ಇಬ್ಬರ ಮತ ಸೇರಿದರೆ 98 ಸಾವಿರ ದಾಟುತ್ತದೆ. ಎರಡನೇ ಆಯ್ಕೆ ಇದ್ದಿದ್ದರೆ ಯಾರು ಗೆಲ್ಲುತ್ತಿದ್ದರೋ ಹೇಳಲಾಗದು, ಎಣಿಕೆಯಂತೂ ಅಲ್ಲಿಗೇ ಮುಗಿಯುತ್ತಿರಲಿಲ್ಲ. ಮತದಾರನ ಮನಸ್ಸನ್ನು ಇನ್ನೊಂದಿಷ್ಟು ಕೇಳುವ ಆ ಪದ್ಧತಿಯೇ ನನಗೆ ಹೆಚ್ಚು ನ್ಯಾಯವೆನಿಸುತ್ತದೆ.

● ಮತ ಒಡೆಯದಿರಲು ಇನ್ನೊಂದು ದಾರಿಯೂ ಇದೆ: ಮೇಲುಕೋಟೆಯಲ್ಲಿ 2023ರಲ್ಲಿ ಕಾಂಗ್ರೆಸ್ ಅಭ್ಯರ್ಥಿಯನ್ನೇ ನಿಲ್ಲಿಸದೆ ಸರ್ವೋದಯ ಕರ್ನಾಟಕ ಪಕ್ಷದ ದರ್ಶನ್ ಪುಟ್ಟಣ್ಣಯ್ಯನವರನ್ನು ಬೆಂಬಲಿಸಿತು. ಅವರು ಗೆದ್ದರು.

● ಮತ ಒಡೆದು ಅಮೆರಿಕದ ಚರಿತ್ರೆಯೂ ತಿರುಗಿದೆ. 1912ರ ಅಧ್ಯಕ್ಷ ಚುನಾವಣೆಯಲ್ಲಿ ಥಿಯೊಡರ್ ರೂಸ್‌ವೆಲ್ಟ್ ಮತ್ತು ಟ್ಯಾಫ್ಟ್ ಒಂದೇ ಪಕ್ಷದ ಮತಗಳನ್ನು ಹಂಚಿಕೊಂಡರು. ಶೇ. 42ರಷ್ಟು ಮತ ಪಡೆದ ವುಡ್ರೋ ವಿಲ್ಸನ್‌ಗೆ, ಅಧ್ಯಕ್ಷರನ್ನು ಆರಿಸುವ 531 ಎಲೆಕ್ಟೊರಲ್ ಮತಗಳಲ್ಲಿ 435 ಬಂದವು.

● 1969ರಲ್ಲಿ ಸೋತ ಸಂಜೀವ ರೆಡ್ಡಿ 1977ರಲ್ಲಿ ಅವಿರೋಧವಾಗಿ ರಾಷ್ಟ್ರಪತಿಯಾದರು. ಆ ವರ್ಷ ಅದಕ್ಕೆ ಮುಂಚೆ ಕೆಲ ತಿಂಗಳು ಹಂಗಾಮಿ ರಾಷ್ಟ್ರಪತಿಯಾಗಿದ್ದವರು ಕನ್ನಡಿಗರಾದ ಬಿ.ಡಿ. ಜತ್ತಿ.