ಸಮ್ಮಿಲನ ಶಕ್ತಿ: ಒಂದು ಭವಿಷ್ಯವಾಣಿಯ ಚರಿತ್ರೆ

1955ರ ಆಗಸ್ಟ್ ತಿಂಗಳಲ್ಲಿ ಪರಮಾಣು ಶಕ್ತಿಯ ಶಾಂತಿಯುತ ಉಪಯೋಗವನ್ನು ಕುರಿತು ಜಿನೀವಾ ನಗರದಲ್ಲಿ ಅಂತರರಾಷ್ಟ್ರೀಯ ಸಮ್ಮೇಳನವು ಸೇರಿದಾಗ, ಅದರ ಅಧ್ಯಕ್ಷರಾಗಿದ್ದ ಹೋಮಿ ಭಾಭಾ ಅವರು, ಪರಮಾಣು ಸಮ್ಮಿಲನದ ಶಕ್ತಿಯನ್ನು ಹತೋಟಿಯಲ್ಲಿಟ್ಟು ಪಡೆಯುವ ಮಾರ್ಗವು ಮುಂದಿನ ಎರಡು ದಶಕಗಳೊಳಗೆ ದೊರೆಯುವುದೆಂದು ನುಡಿದರು. ಆ ಅವಧಿ ತೀರಿ ಬಹುಕಾಲ ಸಂದಿದೆ. ಸಮ್ಮಿಲನದಿಂದ ವಿದ್ಯುತ್ತನ್ನು ಒದಗಿಸುವ ಸ್ಥಾವರವೊಂದೂ ಇನ್ನೂ ಇಲ್ಲ. ಅಂತಹ ಮೇಧಾವಿಯ ಎಣಿಕೆ ತಪ್ಪಿದುದೇಕೆ ಎಂಬುದು ಚರಿತ್ರೆಯ ವಿದ್ಯಾರ್ಥಿಗೂ ವಿಚಾರಾರ್ಹವಾದ ಪ್ರಶ್ನೆ.

ಅಂದಿನ ಆಶೆ ನಿರಾಧಾರವಾದುದಲ್ಲ. ಯುರೇನಿಯಂ ಪರಮಾಣುವಿನ ವಿದಳನವು 1938ರಲ್ಲಿ ಪತ್ತೆಯಾಯಿತು. 1942ರಲ್ಲಿ ಷಿಕಾಗೋದಲ್ಲಿ ಅದರ ಸರಣಿಕ್ರಿಯೆ ಸಿದ್ಧಿಸಿತು. 1954ರಲ್ಲಿ ರಷ್ಯದ ಓಬ್ನಿನ್‌ಸ್ಕ್‌ನಲ್ಲಿ ಅದರಿಂದ ವಿದ್ಯುತ್ತು ಹರಿಯಿತು. ಇವೆಲ್ಲಕ್ಕೂ ಹಿಡಿದುದು 16 ವರ್ಷ ಮಾತ್ರ. ಸಮ್ಮಿಲನದ ಬಾಂಬು 1952ರಲ್ಲಿಯೇ ಸಿಡಿದಿದ್ದುದರಿಂದ, ಅದರ ಸ್ಥಾವರವೂ ಅಷ್ಟೇ ಕಾಲದಲ್ಲಿ ಬಂದೀತೆಂದು ಊಹಿಸುವುದು ಸಹಜವಾಗಿತ್ತು.

ಆದರೆ ಈ ಹೋಲಿಕೆಯೇ ದುರ್ಬಲವಾದುದು. ಯುರೇನಿಯಮನ್ನು ತಕ್ಕ ಪ್ರಮಾಣದಲ್ಲಿ, ತಕ್ಕ ಕ್ರಮದಲ್ಲಿ ಜೋಡಿಸಿದರೆ ಸಾಮಾನ್ಯ ಉಷ್ಣತೆಯಲ್ಲಿಯೂ ವಿದಳನವು ತಾನಾಗಿ ಮುಂದುವರಿಯುತ್ತದೆ. ಜಲಜನಕದ ಪರಮಾಣು ಕೇಂದ್ರಗಳಾದರೋ ಒಂದನ್ನೊಂದು ದೂರ ತಳ್ಳುವ ಸ್ವಭಾವದವು. ಸ್ಥಾವರದಲ್ಲಿ ಅವನ್ನು ಕೂಡಿಸಲು 10 ಕೋಟಿ ಡಿಗ್ರಿಯನ್ನು ಮೀರಿದ ಉಷ್ಣತೆ ಬೇಕು. ಆ ತಾಪವನ್ನು ಯಾವ ಪಾತ್ರೆಯೂ ತಾಳದು. ಆದುದರಿಂದ ಪ್ಲಾಸ್ಮಾ ಎಂಬ ಆ ಅನಿಲವನ್ನು ಕಾಂತಕ್ಷೇತ್ರದಲ್ಲಿ ಹಿಡಿದಿಡಬೇಕು. ಅದು ಕ್ಷಣಮಾತ್ರದಲ್ಲಿ ನುಸುಳಿಕೊಳ್ಳುತ್ತದೆ.

ಮುಂದಿನ ಚರಿತ್ರೆ ಈ ಸೆಣಸಾಟದ್ದೇ. 1958ರ ಜನವರಿಯಲ್ಲಿ ಇಂಗ್ಲೆಂಡಿನ ‘ಜೀಟಾ’ ಯಂತ್ರವು ಸಮ್ಮಿಲನವನ್ನು ಸಾಧಿಸಿತೆಂದು ಸಾರಲಾಯಿತು. ಕೆಲವೇ ತಿಂಗಳಲ್ಲಿ ಆ ಮಾತನ್ನು ಹಿಂತೆಗೆದುಕೊಳ್ಳಬೇಕಾಯಿತು. 1968ರಲ್ಲಿ ರಷ್ಯನರು ತಮ್ಮ ‘ಟೋಕಮಾಕ್’ ಯಂತ್ರದ ಫಲಿತಾಂಶಗಳನ್ನು ಪ್ರಕಟಿಸಿದರು. ಮರುವರ್ಷ ಬ್ರಿಟಿಷ್ ವಿಜ್ಞಾನಿಗಳೇ ಮಾಸ್ಕೋಗೆ ಹೋಗಿ ಅಳೆದು ಅವನ್ನು ದೃಢಪಡಿಸಿದರು. 2022ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯದ ಪ್ರಯೋಗಾಲಯವೊಂದರಲ್ಲಿ 2.05 ಮೆಗಾಜೂಲ್ ಲೇಸರ್ ಶಕ್ತಿಗೆ ಪ್ರತಿಯಾಗಿ 3.15 ಮೆಗಾಜೂಲ್ ದೊರೆಯಿತು. ಆದರೆ ಲೇಸರುಗಳನ್ನು ಉರಿಸಲು ತಗುಲಿದ ವಿದ್ಯುತ್ತು ಸುಮಾರು 300 ಮೆಗಾಜೂಲ್ ಎಂಬುದನ್ನು ಮರೆಯಲಾಗದು.

ಸಮ್ಮಿಲನವು ಇಂಗಾಲಾಮ್ಲವನ್ನು ಹೊರಸೂಸದು; ಅದಕ್ಕೆ ಬೇಕಾದ ಭಾರಜಲಜನಕವು ಸಮುದ್ರದಲ್ಲಿ ಯಥೇಚ್ಛವಾಗಿದೆ. ಹಾಗೆಂದು ಅದು ಸಂಪೂರ್ಣ ನಿರ್ಮಲವೂ ಅಲ್ಲ: ನ್ಯೂಟ್ರಾನುಗಳ ತಾಡನದಿಂದ ಯಂತ್ರದ ಗೋಡೆಗಳು ವಿಕಿರಣಶೀಲವಾಗುತ್ತವೆ. ಫ್ರಾನ್ಸಿನಲ್ಲಿ ನಿರ್ಮಾಣವಾಗುತ್ತಿರುವ ‘ಈಟರ್’ ಯೋಜನೆಯಲ್ಲಿ ಭಾರತವು 2005ರಿಂದ ಪಾಲುಗೊಂಡಿರುವುದು ಉಚಿತವೇ ಸರಿ. ಆದರೆ ಸಿಡಿಸುವುದು ಸಾಧ್ಯವಾದ ಮಾತ್ರಕ್ಕೆ ಹಿಡಿದು ದುಡಿಸುವುದೂ ಬೇಗ ಸಾಧ್ಯವಾಗುವುದೆಂಬ ಎಣಿಕೆ ಒಮ್ಮೆ ತಪ್ಪಿದೆ. ಆದುದರಿಂದ ಕಲ್ಲಿದ್ದಲಿಗೆ ಬದಲಾಗಿ ಇಂದೇ ಕೈಗೆಟುಕುವ ಬಿಸಿಲು, ಗಾಳಿಗಳ ಕಾರ್ಯವನ್ನು ಮುಂದೂಡಲು ಸಮ್ಮಿಲನದ ಆಶೆಯು ನೆಪವಾಗಕೂಡದು.