ಕೋಲು ಹಿಡಿದವರ ಕೆಲಸವೇನು?

ಪ್ರಶ್ನೆ: ಆರ್ಕೆಸ್ಟ್ರಾದ ಮುಂದೆ ನಿಂತು ಕೈ ಬೀಸುವವರು ಏನನ್ನೂ ನುಡಿಸುವುದಿಲ್ಲ. ಅವರು ಬೇಕೇ? ನಮ್ಮ ಮಕ್ಕಳು ಅದನ್ನು ಉದ್ಯೋಗ ಮಾಡಿಕೊಳ್ಳಬಹುದೇ?
– ಓದುಗರೊಬ್ಬರು, ಕೂಕಟ್‌ಪಲ್ಲಿ, ಹೈದರಾಬಾದ್

ಉತ್ತರ: ಬೇಕು. ವಾದಕರ ಮುಂದಿರುವುದು ಅವರವರ ಪಾಲಿನ ಸ್ವರಗಳು ಮಾತ್ರ. ಇಡೀ ಕೃತಿ ಕೈ ಬೀಸುವ ಕಂಡಕ್ಟರ್ ಎದುರಿಗಿರುತ್ತದೆ. ಸಾಮಾನ್ಯವಾಗಿ ಬಲಗೈ ಲಯ ಹಿಡಿದರೆ, ಎಡಗೈ ಯಾರು ಯಾವಾಗ ಸೇರಬೇಕು, ಎಷ್ಟು ಮೆಲ್ಲಗೆ ನುಡಿಸಬೇಕು ಎಂದು ಹೇಳುತ್ತದೆ. ನಿಜವಾದ ಕೆಲಸವೆಲ್ಲ ತಾಲೀಮಿನಲ್ಲೇ ಮುಗಿದಿರುತ್ತದೆ. ವೇದಿಕೆಯಲ್ಲಿ ನಾವು ನೋಡುವುದು ಅದರ ಕೊನೆಯ ತುಣುಕು.

ಉದ್ಯೋಗದ ಮಾತಿಗೆ ಕಂಡಕ್ಟರ್ ಜುಬಿನ್ ಮೆಹ್ತಾ ಅವರೇ ಉದಾಹರಣೆ. 1936ರಲ್ಲಿ ಮುಂಬೈಯಲ್ಲಿ ಹುಟ್ಟಿದರು. ತಂದೆ ಮೆಹ್ಲಿ ಮೆಹ್ತಾ ಪಿಟೀಲುವಾದಕರು, ಬಾಂಬೆ ಸಿಂಫನಿ ಆರ್ಕೆಸ್ಟ್ರಾ ಕಟ್ಟಿದವರು. ಮಗ ವೈದ್ಯಕೀಯದ ಓದು ಬಿಟ್ಟು 1954ರಲ್ಲಿ ವಿಯೆನ್ನಾಕ್ಕೆ ಹೋಗಿ ಹಾನ್ಸ್ ಸ್ವಾರೋವ್‌ಸ್ಕಿ ಬಳಿ ಕಂಡಕ್ಟಿಂಗ್ ಕಲಿತರು. 1958ರಲ್ಲಿ ಲಿವರ್‌ಪೂಲ್ ಕಂಡಕ್ಟಿಂಗ್ ಸ್ಪರ್ಧೆ ಗೆದ್ದರು. 1962ರಲ್ಲಿ ಲಾಸ್ ಏಂಜಲೀಸ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾದ ಹೊಣೆ ಹೊತ್ತರು. ಆಗ ವಯಸ್ಸು ಇಪ್ಪತ್ತಾರು! ಇಂಥ ವೇಗ ಅಪರೂಪ, ಅದನ್ನು ನೆಚ್ಚಿ ಲೆಕ್ಕ ಹಾಕಬೇಡಿ.

ಕನ್ನಡಿಗರಿಗೂ ಈ ಲೋಕ ದೂರದ್ದಲ್ಲ. ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್ ಲಂಡನ್ನಿನ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾದ ಪೋಷಕರಾಗಿದ್ದರು. 1950ರಲ್ಲಿ ಸಂಗೀತ ಸಂಯೋಜಕ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ಹಾಡುಗಳು ಫುರ್ಟ್‌ವೆಂಗ್ಲರ್ ನಿರ್ದೇಶನದಲ್ಲಿ ಅಲ್ಲಿ ಮೊದಲ ಬಾರಿ ಕೇಳಿಬಂದದ್ದರ ಹಿಂದೆಯೂ ಅವರ ನೆರವಿತ್ತು.

ನಮ್ಮಲ್ಲಿ ವೃತ್ತಿಪರ ತಂಡವೆಂದರೆ ಮುಖ್ಯವಾಗಿ 2006ರಲ್ಲಿ ಶುರುವಾದ ಮುಂಬೈಯ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ. ಇಲ್ಲಿ ಅವಕಾಶ ಕಡಿಮೆ. ಹಾಗಾಗಿ ಮಗು ಮೊದಲು ಪಿಯಾನೊ ಅಥವಾ ಪಿಟೀಲನ್ನು ಗಟ್ಟಿಯಾಗಿ ಕಲಿಯಲಿ, ಸ್ವರಲಿಪಿ ಓದಲಿ. ಕಂಡಕ್ಟಿಂಗ್ ಪದವಿಗೆ ಬಹುಮಟ್ಟಿಗೆ ವಿದೇಶಕ್ಕೇ ಹೋಗಬೇಕು. ಅದರ ಖರ್ಚನ್ನು ಈಗಲೇ ಯೋಚಿಸಿ.