ಚಾಟ್‌ಬಾಟ್ ಬರೆದ ಅಸೈನ್‌ಮೆಂಟ್: ನಂಬಿಕೆ ಏನು, ನಿಜ ಏನು

ಚಾಟ್‌ಜಿಪಿಟಿ ಎಂಬ ಚಾಟ್‌ಬಾಟ್ 2022ರ ನವೆಂಬರ್ 30ರಂದು ಬಳಕೆಗೆ ಬಂತು. ಕೆಲವೇ ವಾರಗಳಲ್ಲಿ ಬೆಂಗಳೂರಿನ ಆರ್‌ವಿ ವಿಶ್ವವಿದ್ಯಾಲಯ ಅದನ್ನು ನಿಷೇಧಿಸಿತು. ಎಲೆಕ್ಟ್ರಾನಿಕ್ ಸಿಟಿಯಿಂದ ಸರ್ಜಾಪುರದವರೆಗೆ ಕಾಲೇಜು, ವಿಶ್ವವಿದ್ಯಾಲಯಗಳು ತುಂಬಿರುವ ಆನೇಕಲ್ ತಾಲ್ಲೂಕಿನಲ್ಲೂ ಚಾಟ್‌ಬಾಟ್ ಬರಹದ ಕುರಿತು ಹಲವು ತಪ್ಪು ಕಲ್ಪನೆಗಳಿಗೆ ಆಸ್ಪದವಿದೆ.

ಎಲ್ಲಿಂದಲೂ ಕಾಪಿ ಹೊಡೆಯದ ಬರಹ ಕೃತಿಚೌರ್ಯವಲ್ಲ ಎಂಬುದು ಮೊದಲನೆಯದು. ಸಂಶೋಧನಾ ಪ್ರಬಂಧಗಳಿಗೆ ಅನ್ವಯಿಸುವ ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮಾವಳಿ, ಬೇರೆ ಬರಹಗಳೊಂದಿಗಿನ ಶೇ 10ರವರೆಗಿನ ಹೋಲಿಕೆಗೆ ದಂಡ ವಿಧಿಸುವುದಿಲ್ಲ. ಚಾಟ್‌ಬಾಟ್ ಹೊಸದಾಗಿ ಹೆಣೆದ ವಾಕ್ಯಗಳು ಈ ಮಿತಿಯೊಳಗೆ ಸುಲಭವಾಗಿ ನುಸುಳಬಲ್ಲವು. ಆದರೆ ಸಂಶೋಧನಾ ಪ್ರಬಂಧವನ್ನು ತಾನೇ ಸಿದ್ಧಪಡಿಸಿದ್ದಾಗಿ ವಿದ್ಯಾರ್ಥಿ ಮುಚ್ಚಳಿಕೆ ಕೊಡಬೇಕೆಂದು ಅದೇ ನಿಯಮಾವಳಿ ಹೇಳುತ್ತದೆ. ಯಂತ್ರ ಬರೆದದ್ದಕ್ಕೆ ಸಹಿ ಹಾಕಿದರೆ ಆ ಮುಚ್ಚಳಿಕೆಯೇ ಸುಳ್ಳಾಗುತ್ತದೆ.

ಎಐ ಬರಹವನ್ನು ಪತ್ತೆ ಹಚ್ಚುವ ತಂತ್ರಾಂಶ ತಪ್ಪುವುದಿಲ್ಲ ಎಂಬ ನಂಬಿಕೆ ಇದಕ್ಕಿಂತ ಅಪಾಯಕಾರಿ, ಏಕೆಂದರೆ ಅದರ ಪೆಟ್ಟು ಬೀಳುವುದು ನಿರಪರಾಧಿಗಳಿಗೆ. ಚಾಟ್‌ಜಿಪಿಟಿ ರೂಪಿಸಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಇಂಥ ಸಾಧನವೊಂದನ್ನು ಹೊರತಂದಿತು. ಕಂಪನಿಯದೇ ಪರೀಕ್ಷೆಯಲ್ಲಿ ಅದು ಯಂತ್ರದ ಬರಹಗಳಲ್ಲಿ ಶೇ 26ನ್ನಷ್ಟೇ ಗುರುತಿಸಿತ್ತು. ಮನುಷ್ಯರ ಬರಹದಲ್ಲಿ ಶೇ 9ನ್ನು ಯಂತ್ರದ್ದೆಂದಿತ್ತು. ಜುಲೈನಲ್ಲಿ ಅದನ್ನು ಹಿಂಪಡೆಯಲಾಯಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು, ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಏಳು ಪತ್ತೆ ಸಾಧನಗಳಿಗೆ ಕೊಟ್ಟು ನೋಡಿದರು. ಸರಾಸರಿ ನೂರಕ್ಕೆ 61 ಪ್ರಬಂಧಗಳು ಯಂತ್ರದವೆಂದು ತಪ್ಪಾಗಿ ಗುರುತಾದವು. ಸರಳ ಪದ, ಊಹಿಸಬಹುದಾದ ವಾಕ್ಯರಚನೆಯನ್ನು ಈ ಸಾಧನಗಳು ಯಂತ್ರದ ಲಕ್ಷಣವೆಂದು ಎಣಿಸುತ್ತವೆ. ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪದವಿಯಲ್ಲಿ ಕಷ್ಟಪಟ್ಟು ಇಂಗ್ಲಿಷ್‌ನಲ್ಲಿ ಬರೆಯುವ ಆನೇಕಲ್‌ನ ಹುಡುಗಿಯ ಬರಹ ಇರುವುದೂ ಹೀಗೆಯೇ. ಅಂಥವಳ ಅಂಕವನ್ನು ತಂತ್ರಾಂಶ ತೋರಿಸುವ ಒಂದು ಶೇಕಡಾವಾರು ನೋಡಿ ಕಡಿತಗೊಳಿಸುವುದು ಅನ್ಯಾಯ. ಕರಡು ಪ್ರತಿಗಳನ್ನು ನೋಡುವುದು, ಎದುರು ಕೂರಿಸಿ ನಾಲ್ಕು ಪ್ರಶ್ನೆ ಕೇಳುವುದು ಹೆಚ್ಚು ನಂಬಲರ್ಹ ದಾರಿ.

ಚಾಟ್‌ಬಾಟ್ ಕೊಡುವ ಆಕರಗಳೆಲ್ಲ ಅಸಲಿ ಎಂಬುದೂ ನಿಜವಲ್ಲ. ಮುಂದೆ ಯಾವ ಪದ ಬರಬಹುದೆಂದು ಲೆಕ್ಕ ಹಾಕಿ ಅದು ಬರೆಯುತ್ತದೆ. ಇಲ್ಲದ ಪುಸ್ತಕಕ್ಕೂ ಲೇಖಕರು, ಪುಟಸಂಖ್ಯೆ ಹುಟ್ಟಿಕೊಳ್ಳುತ್ತವೆ. ಚಾಟ್‌ಜಿಪಿಟಿ ಸೃಷ್ಟಿಸಿದ ಸುಳ್ಳು ತೀರ್ಪುಗಳನ್ನು ಉಲ್ಲೇಖಿಸಿದ ನ್ಯೂಯಾರ್ಕ್ ವಕೀಲರಿಗೆ 2023ರ ಜೂನ್‌ನಲ್ಲಿ 5,000 ಡಾಲರ್ ದಂಡ ಬಿತ್ತು. ಕನ್ನಡದ ವಿಷಯಗಳಲ್ಲಿ ಇನ್ನೂ ಎಚ್ಚರ ಬೇಕು. ಯಂತ್ರ ಕಲಿತಿರುವ ಕನ್ನಡ ಪಠ್ಯ ಇಂಗ್ಲಿಷಿಗಿಂತ ತೀರಾ ಕಡಿಮೆ.

ಹಾಗೆಂದು ಚಾಟ್‌ಬಾಟ್ ಮುಟ್ಟಿದ್ದೇ ಮೋಸವೆನ್ನುವುದೂ ತಪ್ಪು. ಕಷ್ಟದ ಪಾಠವನ್ನು ಕನ್ನಡದಲ್ಲಿ ವಿವರಿಸಲು ಕೇಳುವುದು, ತಾನು ಬರೆದದ್ದರ ವ್ಯಾಕರಣ ತಿದ್ದಿಸಿಕೊಳ್ಳುವುದು ಕಲಿಕೆಯ ಭಾಗವೇ. ಎಷ್ಟು ಬಳಸಬಹುದೆಂದು ಅಧ್ಯಾಪಕರನ್ನು ಮೊದಲೇ ಕೇಳಬೇಕು, ಬಳಸಿದ್ದನ್ನು ಅಸೈನ್‌ಮೆಂಟ್‌ನಲ್ಲಿ ನಮೂದಿಸಬೇಕು.